ಎರಡು ವರ್ಷ ಬಾಳಿದ ‘ವಿಜ್ಞಾನ’

ಕನ್ನಡದಲ್ಲಿ ಶಾಸ್ತ್ರಗ್ರಂಥಗಳನ್ನು ಅಚ್ಚುಹಾಕಿಸುವುದು ಲಾಭದ ಕಸುಬೆಂದು ಯಾರೂ ಹೇಳಲಾರರು. ಆದರೂ ಆ ಭಾರವನ್ನು ಹೊತ್ತ ಮಹನೀಯರಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ, ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಆಗ ಸಾಹಿತ್ಯ ಪರಿಷತ್ತು ಹುಟ್ಟಿ ಮೂರು ವರ್ಷ, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿ ಎರಡು ವರ್ಷ. ಇಂಗ್ಲಿಷ್ ಬಾರದವನಿಗೆ ವಿಜ್ಞಾನದ ಬಾಗಿಲು ಮುಚ್ಚಿಯೇ ಇದ್ದಿತು.

ಪತ್ರಿಕೆ ಎರಡು ವರ್ಷ ನಡೆದು ನಿಂತುಹೋಯಿತು. ಇದನ್ನು ಸೋಲೆಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವವರುಂಟು. ನಾನು ಒಪ್ಪಲಾರೆ. ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಅಚ್ಚಾದದ್ದು 1946ರಲ್ಲಿ. ಅದಕ್ಕೆ ಇಪ್ಪತ್ತೆಂಟು ವರ್ಷ ಮುಂಚೆ ಇವರು ಲೇಖನ ಬರೆಯಬೇಕು, ಅದಕ್ಕೆ ಬೇಕಾದ ಮಾತುಗಳನ್ನೂ ತಾವೇ ಟಂಕಿಸಬೇಕು, ಆಮೇಲೆ ಓದುಗರನ್ನೂ ಹುಡುಕಬೇಕು. ಗದ್ದೆಯನ್ನೇ ಕಡಿದು ಬಿತ್ತಿದವರಿಗೆ ಮೊದಲ ಬೆಳೆಯ ಲೆಕ್ಕ ಕೇಳುವುದು ನ್ಯಾಯವಲ್ಲ.

ವೆಂಕಟನಾರಣಪ್ಪನವರು ಅಲ್ಲಿಗೇ ಕೈಕಟ್ಟಿ ಕೂರಲಿಲ್ಲ. ಅವರು ಸಂಪಾದಿಸಿದ ‘ಪಂಪಭಾರತ’ವನ್ನು 1931ರಲ್ಲಿ ಪರಿಷತ್ತು ಹೊರತಂದಿತು; 1939ರಲ್ಲಿ ‘ಜೀವವಿಜ್ಞಾನ’ ಎಂಬ ಅವರ ದೊಡ್ಡ ಗ್ರಂಥ ಬಂದಿತು. ಭೌತಶಾಸ್ತ್ರದ ಮೇಷ್ಟರೊಬ್ಬರು ಪಂಪನನ್ನು ಅಷ್ಟು ಬಲ್ಲವರಾಗಿದ್ದರು. ಕನ್ನಡದ ಮೇಷ್ಟರುಗಳಾದ ನಾವು ಭೌತಶಾಸ್ತ್ರವನ್ನು ಎಷ್ಟು ಬಲ್ಲೆವೆಂದು ಕೇಳದಿರುವುದೇ ಲೇಸು.

ಮುಂದೆ ಪುತ್ತೂರಿನಲ್ಲಿ ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು. 1978ರಲ್ಲಿ ಜೆ. ಆರ್. ಲಕ್ಷ್ಮಣರಾಯರ ಸಂಪಾದಕತ್ವದಲ್ಲಿ ‘ಬಾಲವಿಜ್ಞಾನ’ ಹೊರಟಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಕೆಲಸ ನಿಲ್ಲಲಿಲ್ಲವೆನ್ನೋಣ.

ಆದರೆ ಬಾಗಿಲು ತೆರೆಯಿತೇ? ನಾನಿರುವ ಹಾಸನಕ್ಕೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಬೆಳಗಿನ ಬಸ್ಸುಗಳಲ್ಲಿ ಹುಡುಗರು ಬರುತ್ತಾರೆ. ಅವರಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಪಿಯುಸಿಯಲ್ಲಿ ವಿಜ್ಞಾನವನ್ನು ಆರಿಸಿಕೊಂಡೊಡನೆ ಪಠ್ಯವೆಲ್ಲ ಇಂಗ್ಲಿಷು. ಆಲೂಗೆಡ್ಡೆ ಹೊಲಕ್ಕೆ ಅಂಗಮಾರಿ ಬಿದ್ದುದನ್ನು ಎಲೆ ನೋಡಿಯೇ ಹೇಳಬಲ್ಲ ಹುಡುಗ, ಪುಸ್ತಕದಲ್ಲಿ ‘ಲೇಟ್ ಬ್ಲೈಟ್’ ಎಂದಿದ್ದರೆ ಅದು ಬೇರೆ ಯಾವುದೋ ದೇಶದ ರೋಗವೆಂದುಕೊಂಡು ಬಾಯಿಪಾಠ ಮಾಡುತ್ತಾನೆ. ಎರಡೂ ಒಂದೇ, 1845ರಲ್ಲಿ ಐರ್ಲೆಂಡಿಗೆ ಕ್ಷಾಮ ತಂದದ್ದೂ ಇದೇ ಎಂದರೆ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ. ಇದರ ಪುಸ್ತಕ ಕನ್ನಡದಲ್ಲಿದೆಯೇ ಸಾರ್ ಎಂದು ಕೇಳುತ್ತಾರೆ.