ಬನವಾಸಿ: ರಾಜಧಾನಿಗಿಂತ ಹಳೆಯ ಪಟ್ಟಣ

ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನಲ್ಲಿ, ವರದಾ ನದಿಯು ಬಳಸಿ ಹರಿಯುವ ನೆಲದ ಮೇಲಿರುವ ಬನವಾಸಿಯು ಕದಂಬರ ರಾಜಧಾನಿಯೆಂದೇ ಪ್ರಸಿದ್ಧವಾಗಿದ್ದರೂ, ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮನು ರಾಜ್ಯ ಕಟ್ಟುವ ವೇಳೆಗಾಗಲೇ ಅದು ಹೆಸರುವಾಸಿಯಾದ ಪಟ್ಟಣವಾಗಿತ್ತು. ಅಶೋಕನ ಕಾಲದ ಬೌದ್ಧ ಮಹಾಸಭೆಯ ಬಳಿಕ ರಕ್ಖಿತನೆಂಬ ಥೇರನನ್ನು, ಎಂದರೆ ಹಿರಿಯ ಭಿಕ್ಷುವನ್ನು, ವನವಾಸಕ್ಕೆ, ಅಂದರೆ ಬನವಾಸಿ ಸೀಮೆಗೆ, ಕಳುಹಿಸಿದ ಸಂಗತಿಯನ್ನು ಸಿಂಹಳದ ಮಹಾವಂಸವು ಹೇಳುತ್ತದೆ. ಎರಡನೆಯ ಶತಮಾನದ ಟಾಲೆಮಿಯ ಭೂವಿವರಣೆಯಲ್ಲಿಯೂ ಈ ಊರಿನ ಹೆಸರಿದೆ.

ಆ ಪೂರ್ವಕಾಲದ ಅತ್ಯಮೂಲ್ಯ ಸಾಕ್ಷಿಯೆಂದರೆ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಗಳ ನಾಗಶಿಲ್ಪ. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಇದರ ಮೇಲೆ ಕೆತ್ತಿರುವ ಬರಹವು, ಚುಟು ವಂಶದ ಶಾತಕರ್ಣಿಯ ಮಗಳು ನಾಗವನ್ನೂ ಕೆರೆಯನ್ನೂ ಬೌದ್ಧ ಭಿಕ್ಷುಗಳು ತಂಗುವ ವಿಹಾರವನ್ನೂ ದಾನವಾಗಿ ಮಾಡಿಸಿದಳೆಂದು ತಿಳಿಸುವುದಲ್ಲದೆ, ಕಲ್ಲನ್ನು ಕಡೆದವನು ದಾಮೋರಕನ ಶಿಷ್ಯನಾದ ನಟಕನೆಂಬುದನ್ನೂ ದಾಖಲಿಸುತ್ತದೆ. ಅರಸುಮಗಳ ದಾನದ ಜೊತೆಗೆ ಶಿಲ್ಪಿಯ ಮತ್ತು ಅವನ ಗುರುವಿನ ಹೆಸರೂ ಉಳಿದುಬಂದಿರುವುದು ಕರ್ನಾಟಕದ ಕಲಾಚರಿತ್ರೆಯ ದೊಡ್ಡ ಭಾಗ್ಯ. ನಾಗಾರಾಧನೆ ಮತ್ತು ಬೌದ್ಧಧರ್ಮಗಳು ಒಂದೇ ದಾನದಲ್ಲಿ ಕೂಡಿಕೊಂಡಿದ್ದುದನ್ನು ಗಮನಿಸಿದರೆ, ಇಲ್ಲಿನ ಧರ್ಮಜೀವನವನ್ನು ಪ್ರತ್ಯೇಕ ಪಂಥಗಳ ಸಾಲಾಗಿ ನೋಡುವ ಕ್ರಮವು ಸಾಲದೆಂಬುದು ಸ್ಪಷ್ಟವಾಗುತ್ತದೆ.

ಕದಂಬರ ಉದಯದ ಕಥೆಯನ್ನು ಕುಬ್ಜ ಕವಿಯು ರಚಿಸಿದ ತಾಳಗುಂದದ ಸ್ತಂಭಶಾಸನವು ಸಂಸ್ಕೃತ ಕಾವ್ಯರೂಪದಲ್ಲಿ ನಿರೂಪಿಸುತ್ತದೆ. ಅಜ್ಜ ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ, ಅಂದರೆ ಉನ್ನತ ವಿದ್ಯಾಕೇಂದ್ರಕ್ಕೆ, ಹೋಗಿದ್ದ ಮಯೂರಶರ್ಮನು ಅಲ್ಲಿ ಪಲ್ಲವರ ಅಶ್ವಸೈನಿಕನೊಡನೆ ನಡೆದ ಕಲಹದಿಂದ ಕೆರಳಿ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಖಡ್ಗ ಹಿಡಿದು, ಶ್ರೀಪರ್ವತದ ಕಾಡುಗಳಲ್ಲಿ ನೆಲೆನಿಂತು, ಕೊನೆಗೆ ಪಲ್ಲವರಿಂದಲೇ ಮನ್ನಣೆ ಪಡೆದನು.

ವೈದಿಕ ಕುಲದಿಂದ ಬಂದ ಈ ಅರಸರು ಜೈನರಿಗೆ ನೀಡಿದ ಆಶ್ರಯವು ವಿಶೇಷ ಗಮನಕ್ಕೆ ಅರ್ಹವಾಗಿದೆ. ದೇವಗಿರಿಯಲ್ಲಿ ದೊರೆತ ಮೃಗೇಶವರ್ಮನ ತಾಮ್ರಪಟವೊಂದರ ಪ್ರಕಾರ, ಕಾಲವಂಗ ಎಂಬ ಗ್ರಾಮವನ್ನು ಮೂರು ಪಾಲು ಮಾಡಿ, ಒಂದನ್ನು ಜಿನೇಂದ್ರನ ಆಲಯಕ್ಕೂ, ಒಂದನ್ನು ಬಿಳಿಯ ಬಟ್ಟೆಯುಡುವ ಶ್ವೇತಪಟ ಸಂಘಕ್ಕೂ, ಉಳಿದುದನ್ನು ದಿಗಂಬರ ಮುನಿಗಳಾದ ನಿರ್ಗ್ರಂಥರ ಸಂಘಕ್ಕೂ ಕೊಡಲಾಯಿತು.

ಬಾದಾಮಿಯ ಇಮ್ಮಡಿ ಪುಲಕೇಶಿಯು ಬನವಾಸಿಯನ್ನು ಮುತ್ತಿದಾಗ, ಸೇನಾಸಾಗರದ ನಡುವೆ ಅದರ ನೆಲದ ಕೋಟೆಯು ಜಲದುರ್ಗದಂತೆ ಕಂಡಿತೆಂದು ರವಿಕೀರ್ತಿಯ 634ರ ಐಹೊಳೆ ಶಾಸನವು ಬಣ್ಣಿಸುತ್ತದೆ. ಸ್ವತಂತ್ರ ರಾಜಧಾನಿಯ ಪಟ್ಟ ಹೋದರೂ ಬನವಾಸಿ ಪನ್ನಿರ್ಛಾಸಿರವೆಂಬ ವಿಶಾಲ ಆಡಳಿತ ಪ್ರಾಂತವು ಮುಂದಿನ ಅರಸುಮನೆತನಗಳ ಕಾಲದಲ್ಲಿಯೂ ಆ ಹೆಸರನ್ನೇ ಹೊತ್ತಿತು. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ಮುಗಿಸಿದ ಪಂಪನು ಈ ನಾಡಿನ ಮೇಲಿನ ಪ್ರೀತಿಯನ್ನು ಮಹಾಭಾರತದ ಕಥೆಯೊಳಗೇ ತಂದನು. ಹದಿನೈದನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಬನವಾಸಿಯ ಅರಸುಮಗಳಾದ ಮಾಯೆಯನ್ನೂ ಮದ್ದಳೆ ನುಡಿಸುವ ಅಲ್ಲಮನನ್ನೂ ಮಧುಕೇಶ್ವರನ ಗುಡಿಯಲ್ಲಿಯೇ ಎದುರುಬದುರಾಗಿಸಿದನು.

ಆ ಗುಡಿಯೂ ಒಂದೇ ಕಾಲದ ನಿರ್ಮಿತಿಯಲ್ಲ. ಸರಳವಾದ ಗರ್ಭಗೃಹದ ಮುಂದೆ ಚಾಲುಕ್ಯ ಶೈಲಿಯ ಕಂಬಗಳ ಮಂಟಪವು ಸೇರಿತು. ಬಹುಕಾಲದ ಮೇಲೆ ಸೋದೆಯ ಅರಸರು ಸೂಕ್ಷ್ಮ ಕೆತ್ತನೆಯ ಕಲ್ಲಿನ ಮಂಚವನ್ನು ಅರ್ಪಿಸಿದರು. ಆದುದರಿಂದ ಇದನ್ನು ಕದಂಬರ ದೇವಾಲಯವೆಂದಷ್ಟೇ ಕರೆಯುವುದು ಅನಂತರದ ದಾನಿಗಳಿಗೂ ಶಿಲ್ಪಿಗಳಿಗೂ ಮಾಡುವ ಅನ್ಯಾಯವಾಗುತ್ತದೆ.