ಚೆಕ್ಕುಬಂದಿಯೊಳಗಿನ ದಾರಿ

ಮೈಸೂರಿನ ಚಾಮರಾಜ ಒಡೆಯರು ಬೆಂಗಳೂರಿನ ಪೂರ್ವದಿಕ್ಕಿನ ಬಯಲಿನಲ್ಲಿ 3,900 ಎಕರೆ ನೆಲವನ್ನು ಆಂಗ್ಲೋ-ಇಂಡಿಯನ್ ಜನರ ವಸತಿಗೆ ದಯಪಾಲಿಸಿ ವೈಟ್‌ಫೀಲ್ಡಿಗೆ ಅಸ್ತಿಭಾರ ಹಾಕಿದ 1882ನೆಯ ಇಸವಿಯಲ್ಲಿಯೇ, ಬ್ರಿಟಿಷ್ ಇಂಡಿಯಾದಲ್ಲಿ ಸ್ವತ್ತು ವರ್ಗಾವಣೆ ಕಾಯಿದೆಯೂ ಈಸ್‌ಮೆಂಟ್ ಕಾಯಿದೆಯೂ ಹುಟ್ಟಿದವು. ಮುಂದೆ ಈ ನೆಲದ ಕ್ರಯವಿಕ್ರಯಗಳನ್ನೂ ಆಳಿದ ಆ ಶಾಸನಗಳ ಪ್ರಕಾರ, ಬೇರೆ ಉದ್ದೇಶ ವ್ಯಕ್ತವಾಗದ ಪಕ್ಷದಲ್ಲಿ, ನೆಲಕ್ಕೆ ಅಂಟಿಬಂದ ದಾರಿಯ ಹಕ್ಕು ನೆಲದೊಡನೆಯೇ ಕೊಂಡವನಿಗೆ ಸಲ್ಲತಕ್ಕದ್ದು. ಆದರೆ ಅಂಥ ಹಕ್ಕು ನಿಜವಾಗಿಯೂ ಉಂಟೇ ಎಂದು ನೋಡುವ ಹೊಣೆ ಯಾರದು?

ಹಿಂದೆ ಆ ಹೊಣೆಯನ್ನು ಯಾವ ಶಾಸನವೂ ವಿಧಿಸಿರಲಿಲ್ಲ. ಹಳ್ಳಿಯ ಲೆಕ್ಕಪತ್ರ ಬರೆಯುವ ಶ್ಯಾನುಭೋಗನ ನೆನಪೇ ಅದನ್ನು ಹೊತ್ತಿತ್ತು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಖರಾಬು ಎಂದು ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆಯುವಾಗ, ಆ ಬಂಡಿದಾರಿ ಗ್ರಾಮನಕಾಶೆಯ ಜೋಡಿ ಚುಕ್ಕೆಗೆರೆಯೋ ಅಥವಾ ಸುಗ್ಗಿಯ ಕಾಲದಲ್ಲಿ ನೆರೆಯವನು ದಾಕ್ಷಿಣ್ಯಕ್ಕೆ ಬಿಟ್ಟುಕೊಟ್ಟ ಬದುವೋ ಎಂಬ ಭೇದ ಅವನಿಗೆ ತಿಳಿದಿರುತ್ತಿತ್ತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದಾಗ, ದಫ್ತರಗಳು ಸರ್ಕಾರದ ವಶಕ್ಕೆ ಬಂದವು; ದಫ್ತರಕ್ಕೆ ಏರದ ಈ ಅರಿವು ಮಾತ್ರ ಬರಲಿಲ್ಲ.

ಆಮೇಲೆ ಪೀಣ್ಯದಲ್ಲಿ ಕೈಗಾರಿಕಾ ವಸಾಹತು ಎದ್ದಿತು. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ, ಸರ್ಕಾರಿ ಸ್ವಾಮ್ಯದ ಕಿಯೋನಿಕ್ಸ್ ಸಂಸ್ಥೆಯು, ತನ್ನ ಮುಖ್ಯಸ್ಥರಾದ ಆರ್. ಕೆ. ಬಾಳಿಗರ ಸಂಕಲ್ಪದಂತೆ, ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿತು. ವಸಾಹತುಗಳೊಳಗೆ ನಕ್ಷೆಯಂತೆ ರಸ್ತೆಗಳು ಬಂದವು. ಅವುಗಳ ಅಂಚಿನ ಹೊಲಗಳಾದರೋ ಗುಂಟೆಗುಂಟೆಯಾಗಿ ಒಡೆದು ರೆವಿನ್ಯೂ ಸೈಟುಗಳಾದವು. ಎತ್ತಿನ ಬಂಡಿಗೆ ಸಾಕಾಗಿದ್ದ ಬದುವಿನ ಮೇಲೆ ಲಾರಿ ಹೋಗಬೇಕಾದಾಗ, ಹಳೆಯ ದಾಕ್ಷಿಣ್ಯ ವ್ಯಾಜ್ಯವಾಯಿತು.

ಫ್ರಾನ್ಸಿನಲ್ಲಿ ಕ್ರಯಪತ್ರ ರಚಿಸುವ ನೋಟರಿಯೇ ಮಾರುವವನ ಹಕ್ಕನ್ನೂ ನೆಲದ ಮೇಲಿನ ಋಣಬಾಧ್ಯತೆಗಳನ್ನೂ ಪರಿಶೀಲಿಸಬೇಕು. ನಮ್ಮಲ್ಲಿ 1952ರ ನೋಟರಿ ಕಾಯಿದೆಯು ಪತ್ರಗಳ ದೃಢೀಕರಣವನ್ನು ವಹಿಸಿತೇ ಹೊರತು ಹಕ್ಕಿನ ಶೋಧನೆಯನ್ನಲ್ಲ. 1908ರ ನೋಂದಣಿ ಕಾಯಿದೆಯಡಿ ಸಬ್‌ರಿಜಿಸ್ಟ್ರಾರರೂ ಪ್ರಧಾನವಾಗಿ ನೋಡುವುದು ಬರೆದುಕೊಟ್ಟವನು ಅವನೇ ಹೌದೇ, ಬರೆದುಕೊಟ್ಟದ್ದು ನಿಜವೇ ಎಂಬುದನ್ನು. ಹೀಗಿದ್ದರೂ ನೋಟರಿಯ ಮೊಹರು ಬಿದ್ದ ಜಿಪಿಎಯನ್ನೇ, ಎಂದರೆ ಸಾಮಾನ್ಯ ಅಧಿಕಾರಪತ್ರವನ್ನೇ, ಕ್ರಯವೆಂದು ನಂಬಿ ಹಣ ಕೊಟ್ಟವರು ಹಲವರು. ಅಂಥ ಪತ್ರದಿಂದ ಸ್ವಾಮ್ಯವೇ ದಾಟದೆಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾರಿತು.

ಆದುದರಿಂದ ಶ್ಯಾನುಭೋಗನು ಇಳಿಸಿದ ಹೊರೆ ಕೊಳ್ಳುವವನ ಮತ್ತು ಅವನ ವಕೀಲನ ಹೆಗಲಿಗೇ ಬಂದಿದೆ. ಗ್ರಾಮನಕಾಶೆ, ಟಿಪ್ಪಣಿ, ಆಕಾರ್‌ಬಂದ್ ಎಂಬ ಮೋಜಣಿ ದಾಖಲೆಗಳನ್ನು ಒಂದಕ್ಕೊಂದು ತಾಳೆನೋಡಿ, ದಾರಿಯು ಸಾರ್ವಜನಿಕರಿಗೆ ಮೀಸಲಾದ ಬಿ ಖರಾಬಿನಲ್ಲಿದೆಯೋ ಖಾಸಗಿ ಹಿಡುವಳಿಯಲ್ಲಿದೆಯೋ ನಿರ್ಧರಿಸಿ, ಖಾಸಗಿಯದಾದರೆ ಆ ನೆಲದ ಒಡೆಯನಿಂದಲೇ ಅಗಲ-ಉದ್ದಗಳ ಸಹಿತ ದಾರಿಯ ಹಕ್ಕನ್ನು ಬರೆಸಿ ನೋಂದಾಯಿಸಿಕೊಳ್ಳುವುದು ಲೇಸು. ಏಕೆಂದರೆ ಮಾರುವವನು ತನಗಿಲ್ಲದ ದಾರಿಯನ್ನು ಎಷ್ಟು ಸ್ಫುಟವಾಗಿ ಬರೆದುಕೊಟ್ಟರೂ ಅದು ನೆರೆಯವನನ್ನು ಕಟ್ಟಿಹಾಕಲಾರದು.