ಹಾವು ಪಳಗುತ್ತದೆಯೇ? ನಂಬಿಕೆ ಮತ್ತು ವಾಸ್ತವ

ಹಂಸಭಾವಿ, ಹಿರೇಕೆರೂರು ಸುತ್ತಮುತ್ತ ಗೋವಿನಜೋಳದ ರಾಶಿ ಇದ್ದಲ್ಲಿ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಹಾವು ಹಿಡಿಯುವವರ ಕೈಯಲ್ಲಿ ನಾಗರಹಾವು ಸುಮ್ಮನಿರುವುದನ್ನು ಕಂಡವರು ‘ಅದು ಅವರಿಗೆ ಪಳಗಿದೆ’ ಎನ್ನುತ್ತಾರೆ. ಇದು ನಿಜವೇ?

ಪಳಗುವುದಲ್ಲ, ಒಗ್ಗಿಕೊಳ್ಳುವುದು

ನಾಯಿಯನ್ನು ಮನುಷ್ಯ ಸಾವಿರಾರು ವರ್ಷ ತಳಿ ಆಯ್ದು ಸಾಕಿದ್ದಾನೆ. ಹಾವಿನ ವಿಷಯದಲ್ಲಿ ಹಾಗಾಗಿಲ್ಲ. ಪದೇ ಪದೇ ಮುಟ್ಟಿದರೂ ಅಪಾಯವಾಗದಿದ್ದರೆ ಹಾವಿನ ಹೆದರಿಕೆ ತಗ್ಗಬಹುದು, ಅಷ್ಟೆ. ಕೈಗೆ ಇಲಿಯ ವಾಸನೆ ಇದ್ದರೆ ಅಥವಾ ಪೊರೆ ಬಿಡುವ ಮುನ್ನ ಅದರ ಕಣ್ಣು ಮಂಜಾಗಿದ್ದರೆ, ಅದೇ ಹಾವು ಅದೇ ಕೈಯನ್ನು ಕಚ್ಚಬಹುದು. ವಿದೇಶಗಳಲ್ಲಿ ಸಾಕುವ ಬಾಲ್ ಪೈಥಾನ್‌ಗೆ ವಿಷವಿಲ್ಲ, ಕಚ್ಚಿದರೆ ಗಾಯವಾಗುತ್ತದೆ. ನಾಗರಹಾವು ಕಚ್ಚಿದರೆ ಜೀವವೇ ಹೋಗಬಹುದು.

ಪುಂಗಿಗೆ ಹಾವು ಕುಣಿಯುತ್ತದೆಯೇ?

ಹಾವಿಗೆ ಹೊರಕಿವಿ ಇಲ್ಲ. ನೆಲದ ಕಂಪನ ಮತ್ತು ಕೆಲವು ತಗ್ಗಿನ ಸದ್ದುಗಳು ಅದಕ್ಕೆ ತಿಳಿಯುತ್ತವೆ. ಆದರೆ ಹೆಡೆ ತೂಗುವುದು ರಾಗಕ್ಕಲ್ಲ. ಎದುರಿಗೆ ಅಲ್ಲಾಡುವ ಪುಂಗಿಯ ಮೇಲೆ ಕಣ್ಣಿಟ್ಟು ತನ್ನನ್ನು ಕಾಪಾಡಿಕೊಳ್ಳಲು.

ಹಲ್ಲು ಕಿತ್ತರೆ ಅಪಾಯವಿಲ್ಲವೇ?

ವಿಷದ ಹಲ್ಲು ಕಿತ್ತರೂ ಅದರ ಜಾಗಕ್ಕೆ ಹೊಸದು ಬರುತ್ತದೆ. ವಿಷದ ಗ್ರಂಥಿ ಹಾಗೇ ಇರುತ್ತದೆ. ಹಾವಿಗೆ ಮಾತ್ರ ಬಾಯಿ ಹುಣ್ಣಾಗಿ, ತಿನ್ನಲಾಗದೆ ಸಾಯುವ ಸ್ಥಿತಿ ಬರುತ್ತದೆ.

ಮಂತ್ರ, ಬೇರಿನಿಂದ ಬದುಕಿದವರಿದ್ದಾರಲ್ಲ?

ವಿಷದ ಹಾವು ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಹಾಗೆ ಬದುಕಿದವರ ಕತೆ ಊರಲ್ಲಿ ಉಳಿಯುತ್ತದೆ, ಬೇರನ್ನು ನಂಬಿ ಆಸ್ಪತ್ರೆಗೆ ತಡವಾಗಿ ಹೋದವರ ಕತೆ ಅಷ್ಟು ಹರಡುವುದಿಲ್ಲ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಗರಹಾವು, ಕೇರೆಹಾವು, ಹೆಬ್ಬಾವುಗಳನ್ನು ಹಿಡಿದು ಸಾಕುವುದು ಅಪರಾಧ. ಇನ್ನೊಂದು ಎಚ್ಚರಿಕೆ: ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದು ತಿಳಿದು ಕೈಹಾಕಿ ಕಚ್ಚಿಸಿಕೊಂಡವರಿದ್ದಾರೆ. ಗುರುತು ಸಿಗದ ಹಾವನ್ನು ಮುಟ್ಟಲೇಬೇಡಿ.

ಏನು ಮಾಡಬೇಕು?

ಮನೆಗೆ ಹಾವು ಬಂದರೆ ದೂರದಿಂದಲೇ ಅದರ ಮೇಲೆ ಕಣ್ಣಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ರಕ್ತ ಹೀರಬೇಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಹೋಗಿ. ವಿಷಕ್ಕೆ ಮದ್ದು ಅಲ್ಲಿ ಕೊಡುವ ಪ್ರತಿವಿಷ ಮಾತ್ರ. ಹಾವನ್ನು ಕೊಂದು ತೋರಿಸಬೇಕಿಲ್ಲ. ಅದನ್ನು ಹುಡುಕುವಾಗ ಇನ್ನೊಬ್ಬರು ಕಚ್ಚಿಸಿಕೊಳ್ಳಬಹುದು.

ಒಟ್ಟಿನಲ್ಲಿ: ಹಾವು ಪಳಗುತ್ತದೆ ಎಂಬುದು ತಪ್ಪು ಕಲ್ಪನೆ. ಕೈಯಲ್ಲಿ ಸುಮ್ಮನಿರುವ ಹಾವು ಇನ್ನೂ ಕಚ್ಚಿಲ್ಲ ಎಂದಷ್ಟೇ ಅರ್ಥ.